ನಿಮಗಿದು ಗೊತ್ತೆ? ಚಳಿ ಓಟಕ್ಕೆ ಹತ್ತಿ ಬನಿಯನ್ ಆಗದು

ಚಳಿಗಾಲದ ಓಟಕ್ಕೆ ಹತ್ತಿ ಬನಿಯನ್ ತೊಟ್ಟರೆ ಮೈ ಬೆಚ್ಚಗಿರುವುದಿಲ್ಲ, ಇನ್ನಷ್ಟು ತಣ್ಣಗಾಗುತ್ತದೆ! ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹೀಗಾಗಿ ಓಟ ನಿಲ್ಲಿಸಿದ ಕೂಡಲೇ ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಪಾಲಿಯೆಸ್ಟರ್‌ನ ಗುಣ ಬೇರೆ. ಅದರ ಎಳೆ ತನ್ನ ತೂಕದ ಶೇ 0.4ರಷ್ಟು ತೇವವನ್ನು ಮಾತ್ರ ಗಾಳಿಯಿಂದ ಹೀರುತ್ತದೆ. ಅದೇ ಹವೆಯಲ್ಲಿ ಹತ್ತಿ ಹೀರುವುದು ಸುಮಾರು ಶೇ 8ರಷ್ಟು. ಪಾಲಿಯೆಸ್ಟರ್ ಅಂಗಿ ಬೇಗ ಆರುವುದು ಇದರಿಂದಲೇ.

ಹಾಗಾದರೆ ಬೆಂಗಳೂರಿನ ಚಳಿಗೆ ಎಷ್ಟು ಬಟ್ಟೆ ಬೇಕು? ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯಲ್ಲಿ. ಈಗ ಜನವರಿಯ ಮುಂಜಾವು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಹೀಗಾಗಿ ನಗರದ ಉಲ್ಲಾಳ ಕೆರೆಯ ಸುತ್ತ, ಜ್ಞಾನಭಾರತಿ ಆವರಣದಲ್ಲಿ ಓಡುವವರಿಗೆ ದಪ್ಪ ಸ್ವೆಟರ್ ಬೇಕಿಲ್ಲ. ತೆಳುವಾದ ಪಾಲಿಯೆಸ್ಟರ್ ಅಂಗಿ, ಮೇಲೊಂದು ಹಗುರ ಜರ್ಕಿನ್ ಸಾಕು. ಹೊರಡುವಾಗ ತುಸು ಚಳಿ ಎನಿಸಬೇಕು. ಓಡುತ್ತ ಮೈ ಬಿಸಿಯೇರಿದಾಗ ಜರ್ಕಿನ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು.

ಕಾಲಿಗೂ ಇದೇ ನಿಯಮ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಓಡಿದರೆ ಜಾಲರಿ ಬಟ್ಟೆಯ ಶೂ ನೆನೆಯುತ್ತದೆ. ಒಳಗೆ ಹತ್ತಿಯ ಸಾಕ್ಸ್ ಇದ್ದರೆ ಒದ್ದೆ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಮಿಶ್ರಿತ ಸಾಕ್ಸ್ ಕೊಳ್ಳಿ. ಸೋಲ್‌ನ ಗೆರೆ ಸವೆದ ಶೂ ಒದ್ದೆ ನೆಲದಲ್ಲಿ ಜಾರುತ್ತದೆ, ಅದನ್ನು ಬದಲಿಸಿ.

ಶೂ ನೆನೆದಿದೆಯೆ? ಹಳೆಯ ಪೇಪರನ್ನು ಉಂಡೆ ಮಾಡಿ ಒಳಗೆ ತುರುಕಿ, ನೆರಳಿನಲ್ಲಿಡಿ. ಪೇಪರ್ ತೇವವನ್ನು ಹೀರುತ್ತದೆ. ಒದ್ದೆಯಾದ ಉಂಡೆಯನ್ನು ತೆಗೆದು ಹೊಸದನ್ನು ಇಟ್ಟರೆ ಶೂ ಇನ್ನೂ ಬೇಗ ಒಣಗುತ್ತದೆ.