ಕಲಿತ ಅಂಗಳಕ್ಕೇ ಕಲಿಸಲು ಹೋದವರು

ನಮ್ಮ ಮನೆಗಳಲ್ಲಿ ಆಟದ ಪ್ರಸ್ತಾಪ ಬಂದರೆ ಅದು ಕ್ರಿಕೆಟ್ಟಿನ ಪ್ರಸ್ತಾಪವೇ ಸರಿ. ಗುಂಡಪ್ಪ ವಿಶ್ವನಾಥರಿಂದ ರಾಹುಲ್ ದ್ರಾವಿಡರವರೆಗಿನ ಹೆಸರುಗಳನ್ನು ಎಳೆಯ ಮಕ್ಕಳೂ ಒಂದೇ ಉಸಿರಿಗೆ ಹೇಳಿಯಾರು. ಆದರೆ ಭಾರತದ ಕಾಲ್ಚೆಂಡಾಟದ ತಂಡಕ್ಕೆ ನಾಯಕರಾಗಿದ್ದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ನರ ಹೆಸರನ್ನು ಕೇಳಿದರೆ ಮನೆಯ ಹಿರಿಯರೂ ಒಂದು ಕ್ಷಣ ತಡವರಿಸಬಹುದು.

ಈ ಆಟವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ದಂಡುಪ್ರದೇಶದ ಬೀದಿಗಳಲ್ಲಿ ಅದು ಸಿಪಾಯಿಗಳ ಕಾಲದಿಂದಲೂ ಬೇರೂರಿದೆ. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ತಂಡವು ನಾಲ್ಕು ಸಲ ಗೆದ್ದು ತಂದಿತ್ತು. ಜಿಲ್ಲೆಯ ಒಳನಾಡಿನಲ್ಲಿಯೂ ಚೆಂಡಿನ ಸದ್ದು ಇಲ್ಲದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರಗಳಲ್ಲಿ ನೆಲೆಸಿದ ಟಿಬೆಟನ್ನರಿಗೆ ಇದು ಅಚ್ಚುಮೆಚ್ಚಿನ ಆಟ. ದಲೈಲಾಮಾ ಅವರ ತಾಯಿಯ ಸ್ಮರಣಾರ್ಥವಾಗಿ 1981ರಲ್ಲಿ ಮೊದಲಾದ ಚಿನ್ನದ ಬಟ್ಟಲಿಗಾಗಿ ಅವರ ವಸತಿಗಳ ತಂಡಗಳು ಸೆಣಸುತ್ತವೆ. ಆದರೆ ಚೆಂಡನ್ನು ಚೆನ್ನಾಗಿ ಆಡಿಸಬಲ್ಲ ಹುಡುಗನೊಬ್ಬನು ಪಿರಿಯಾಪಟ್ಟಣದಲ್ಲಿಯೋ ಹೆಗ್ಗಡದೇವನಕೋಟೆಯಲ್ಲಿಯೋ ಕಂಡುಬಂದನೆಂದು ಇಟ್ಟುಕೊಳ್ಳೋಣ. ಅವನು ಮುಂದೆ ಹೋಗುವುದೆಲ್ಲಿಗೆ? ರಾಜಧಾನಿಯಲ್ಲೇ ಹುಟ್ಟಿದ ಚಾಪ್‌ಮನ್ನರಿಗೂ ಈ ಪ್ರಶ್ನೆ ತಪ್ಪಲಿಲ್ಲ.

ಅವರು ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಬೆಂಗಳೂರಿನ ಕ್ರೀಡಾ ತರಬೇತಿ ಕೇಂದ್ರದಲ್ಲಿ ಕಾಲು ಪಳಗಿಸಿಕೊಂಡು, ಸದರ್ನ್ ಬ್ಲೂಸ್ ಎಂಬ ಸ್ಥಳೀಯ ಕ್ಲಬ್ಬಿನಲ್ಲಿ ಆಡಿ, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯನ್ನು ಸೇರಿದರು. ಉಕ್ಕಿನ ಕಾರ್ಖಾನೆಯವರು 1987ರಲ್ಲಿ ತೆರೆದಿದ್ದ ಈ ಶಾಲೆಯು ಒಂದು ಬಗೆಯ ಗುರುಕುಲವೇ. ದೇಶದ ಮೂಲೆಮೂಲೆಗಳಿಂದ ಆರಿಸಿ ತಂದ ಹುಡುಗರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ವರ್ಷಗಟ್ಟಲೆ ಆಟವನ್ನು ಕಲಿಯುವರು. ಮಾತೃಭಾಷೆಯ ಗಂಧವಿಲ್ಲದ ಊರಿನಲ್ಲಿ ಹತ್ತೊಂಬತ್ತರ ಹುಡುಗನಿಗೆ ಮೂರು ವರ್ಷ ಕಡಿಮೆಯ ಅವಧಿಯಲ್ಲ.

1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು ಅವರನ್ನು ಕರೆಯಿತು. ಬೆಂಗಳೂರಿನವರೇ ಆದ, ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದ ಅಹಮದ್ ಖಾನರು ಹಿಂದೆ ಮೆರೆದಿದ್ದ ಕ್ಲಬ್ಬು ಅದು. ಅದೇ ವರ್ಷ ಏಷ್ಯದ ಪಂದ್ಯಾವಳಿಯೊಂದರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಎದುರು ಚಾಪ್‌ಮನ್ ಒಬ್ಬರೇ ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ನಡುಸಾಲಿನ ಆಟಗಾರನೊಬ್ಬನು ಪರದೇಶದ ಹೆಸರಾಂತ ತಂಡದ ಮೇಲೆ ಮೂರು ಗೋಲು ಹೊಡೆಯುವುದು ದಿನನಿತ್ಯದ ಸಂಗತಿಯಲ್ಲ. ಬಳಿಕ ಪಂಜಾಬಿನ ಜೆ.ಸಿ.ಟಿ. ತಂಡ ಸೇರಿ, ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾರ ಜೊತೆಯಲ್ಲಿ 1996–97ರ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದರು. ಕೊಚ್ಚಿಯಲ್ಲಿ ಒಂದು ವರ್ಷ ಕಳೆದು, 1998ರಲ್ಲಿ ಹಳೆಯ ಕ್ಲಬ್ಬಿಗೇ ಮರಳಿದರು. 2000–01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗನ್ನು ಗೆದ್ದುಕೊಂಡಿತು. ಆ ವರ್ಷವೇ ಅವರು ವೃತ್ತಿಯ ಆಟಕ್ಕೆ ವಿದಾಯ ಹೇಳಿದರು.

ಆಗ ಅವರಿಗೆ ಮೂವತ್ತು ವಯಸ್ಸು. ಬೇರೆ ಉದ್ಯೋಗಗಳಲ್ಲಿ ಮನುಷ್ಯನು ತಲೆಯೆತ್ತುವ ವಯಸ್ಸಿನಲ್ಲಿ ಆಟಗಾರನು ಹೊಸದಾಗಿ ಅನ್ನದ ದಾರಿಯನ್ನು ಹುಡುಕಬೇಕಾಗುತ್ತದೆ. ಮಗನು ಚೆಂಡಿನ ಹಿಂದೆ ಓಡುವುದನ್ನು ನೋಡಿ ತಾಯಿತಂದೆಯರು ಹುಬ್ಬುಗಂಟಿಕ್ಕುವುದು ಈ ಕಾರಣಕ್ಕೇ, ಅವರನ್ನು ದೂರುವಂತಿಲ್ಲ. ಬ್ಯಾಂಕೋ ಕಾರ್ಖಾನೆಯೋ ನೌಕರಿ ಕೊಟ್ಟರೆ ಪುಣ್ಯ. ಕ್ಲಬ್ಬುಗಳನ್ನು ನಂಬೋಣವೆಂದರೆ, ಜೆ.ಸಿ.ಟಿ. ತಂಡವೇ 2011ರಲ್ಲಿ ಬಾಗಿಲು ಹಾಕಿಕೊಂಡಿತು. ಕೊಚ್ಚಿಯ ಕ್ಲಬ್ಬು ಅದಕ್ಕೂ ಮುಂಚೆಯೇ ಮುಳುಗಿತ್ತು.

ಚಾಪ್‌ಮನ್ ಹಿಡಿದ ದಾರಿ ತರಬೇತಿಯದು. 2002ರಲ್ಲಿ ಅವರು ಹೋದದ್ದು ತಾವು ಕಲಿತ ಆ ಜಮ್‌ಷೆಡ್‌ಪುರದ ಅಂಗಳಕ್ಕೇ! ಮನೆಯ ನೆನಪಿನಿಂದ ಮಂಕಾದ ಹುಡುಗನನ್ನು ಗುರುತಿಸಲು ಅವರಿಗೆ ಪುಸ್ತಕದ ವಿದ್ಯೆ ಬೇಕಿದ್ದಿಲ್ಲ. ನಡುಸಾಲಿನಲ್ಲಿ ಆಡಿದವರು ಒಳ್ಳೆಯ ಶಿಕ್ಷಕರಾಗುವರೆಂಬುದು ಈ ಲೇಖಕನ ಎಣಿಕೆ. ಮುಂದಿನವನಿಗೆ ಚೆಂಡು ಒದಗಿಸಬೇಕು, ಹಿಂದಿನವನ ಕಷ್ಟಕ್ಕೆ ಓಡಿಬರಬೇಕು. ಇಡೀ ಮೈದಾನವನ್ನು ಎರಡು ಕಡೆಗೂ ನೋಡಿ ಬಲ್ಲವನು ಅವನೇ. ಗೋಲು ಹೊಡೆದವನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅವನಿಗೆ ಎಡಗಾಲಿನಿಂದ ಒದೆಯಲು ಕಲಿಸಿದವನ ಚಿತ್ರ ಬರುವುದಿಲ್ಲ. ಭಾರತದ ನಾಯಕನಾಗಿದ್ದವನಿಗೆ ಆ ಮರೆಯಲ್ಲಿ ನಿಲ್ಲುವುದು ಸುಲಭವಾಗಿರಲಾರದು.

ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ಕ್ಲಬ್ಬಿನ ಹೊಣೆ ಹೊತ್ತರು. ಆ ಗುಡ್ಡಗಾಡಿನ ಹುಡುಗರು ಅವರ ಕೈಯಲ್ಲಿ ಪಳಗಿ ಊರಿನ ಲೀಗನ್ನು ಗೆದ್ದರು. ಕಲ್ಕತ್ತೆಯ ಭವಾನಿಪುರ ಕ್ಲಬ್ಬಿನಲ್ಲಿಯೂ ಕೆಲಕಾಲ ದುಡಿದರು. 2017ರ ಕೊನೆಯಲ್ಲಿ ಕಲ್ಲಿಕೋಟೆಯ ಕ್ವಾರ್ಟ್ಜ್ ಕ್ಲಬ್ಬು ಅವರನ್ನು ತಾಂತ್ರಿಕ ನಿರ್ದೇಶಕರನ್ನಾಗಿ ನೇಮಿಸಿಕೊಂಡಿತು. ತಂಡವನ್ನಷ್ಟೇ ಅಲ್ಲದೆ, ಎಳೆಯರ ಶಿಕ್ಷಣದ ಕ್ರಮವನ್ನೂ ನೋಡಿಕೊಳ್ಳುವ ಸ್ಥಾನವದು.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಐವತ್ತು ಇನ್ನೂ ತುಂಬಿರಲಿಲ್ಲ. 2023ರ ಮಾರ್ಚ್ 4ರಂದು, ದೂರದ ಸೌದಿ ಅರೇಬಿಯದ ರಿಯಾದಿನಲ್ಲಿ, ಕರ್ನಾಟಕವು 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಅಂದು 3–2ರಿಂದ ಸೋತವರು ಮೇಘಾಲಯದವರು, ಚಾಪ್‌ಮನ್ನರು ಹುಡುಗರನ್ನು ಪಳಗಿಸಿದ್ದ ಆ ಶಿಲ್ಲಾಂಗಿನ ಸೀಮೆಯವರು.