ಹೌಸ್ ಸರ್ಜನ್ನರ ಬಾಡಿಗೆ ಮನೆ

ಮಂಗಳೂರಿನ ಹಂಪನಕಟ್ಟೆಯ ವೆನ್‌ಲಾಕ್ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲೇಷ್ಯಾದ ತರುಣ ವೈದ್ಯನು ಬಾಡಿಗೆಯ ಮನೆಗೆ ಮರಳುವ ಹೊತ್ತಿಗೆ ಜೊತೆಗಾರನು ಒಲೆ ಹಚ್ಚಿರುತ್ತಾನೆ. ಒಬ್ಬನಿಗೆ ನಿದ್ರೆ ಬೇಕು, ಇನ್ನೊಬ್ಬನಿಗೆ ಒಗ್ಗರಣೆಯಾಗಬೇಕು. ಜಗಳಕ್ಕೆ ಇಷ್ಟು ಸಾಲದೆ?

1848ರಲ್ಲಿ ಸ್ಥಾಪನೆಯಾದ ಈ ಸರಕಾರಿ ಆಸ್ಪತ್ರೆಯು ದಶಕಗಳಿಂದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ರೋಗವನ್ನು ಕಣ್ಣಾರೆ ಕಂಡು ಕಲಿಯುವ ಶಾಲೆ. ಅವರಲ್ಲಿ ಕಡಲಾಚೆಯಿಂದ ಬಂದವರೂ ಉಂಟು. ಪರೀಕ್ಷೆ ಗೆದ್ದ ಮೇಲೂ ಒಂದು ವರ್ಷ ವಿಭಾಗದಿಂದ ವಿಭಾಗಕ್ಕೆ ತಿರುಗಿ ದುಡಿಯಬೇಕು. ವಿದೇಶಿಯನ್ನು ಇರಿಸಿಕೊಂಡ ಮನೆಯೊಡೆಯನು 24 ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕು. ಆ ಗೊಡವೆಯೇ ಬೇಡವೆನ್ನುವವರೂ ಇದ್ದಾರೆ.

ಬಾಡಿಗೆ ಹಂಚಿಕೊಳ್ಳುವುದು ಸುಲಭ, ಅಡಿಗೆಮನೆ ಕಷ್ಟ. ಕುಚ್ಚಲಕ್ಕಿ ಬೇಯುವವರೆಗೆ ಬೆಳ್ತಿಗೆಯವನಿಗೆ ತಾಳ್ಮೆಯಿರದು. ಮಲಯದ ಸೀಗಡಿ ಬೆಲಚಾನ್ ಹುರಿದರೆ ಸಸ್ಯಾಹಾರಿ ಕಿಟಕಿ ತೆರೆಯುತ್ತಾನೆ. ಒಣಮೀನು ಬಲ್ಲ ಕರಾವಳಿಯವನಿಗೆ ಅದು ಹೊಸತೇನಲ್ಲ.

ಆದರೂ ಸ್ಥಳೀಯ ಜೊತೆಗಾರನನ್ನು ಬಿಡುವಂತಿಲ್ಲ. ಅನೇಕ ರೋಗಿಗಳ ಮಾತು ತುಳು. ಆ ಪಾಠವು ವೈದ್ಯಗ್ರಂಥದಲ್ಲಿಲ್ಲ, ಊಟದ ತಟ್ಟೆಯ ಮುಂದಿದೆ. ‘ಓಲು ಬೇನೆ ಆಪುಂಡು?’ ಎಂದರೆ ಎಲ್ಲಿ ನೋವು ಎಂದು. ‘ಬಂಜಿ’ ಎಂದರೆ ಹೊಟ್ಟೆ. ಬಯಲುಸೀಮೆಯ ಕನ್ನಡಿಗನೂ ಎಡವುವುದು ಇಲ್ಲಿಯೇ. ‘ಬಂಜಿನಾಲ್’ ಅವನ ಕಿವಿಗೆ ಬಂಜೆಯೆಂದು ಕೇಳಿಸೀತು. ತುಳುವಿನಲ್ಲಿ ಆಕೆ ಗರ್ಭಿಣಿ! ಸಮೀಪದ ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಯಲ್ಲಿ ಪಾಳಿ ಬಿದ್ದ ದಿನ ಇದು ನಗೆಯ ಮಾತಾಗಿ ಉಳಿಯದು.

ಅಂಥ ಪಾಳಿಯ ಹಿಂದಿನ ರಾತ್ರಿ ಒಗ್ಗರಣೆಯ ಮುನಿಸು ಮರೆತು ಇಬ್ಬರೂ ಎದುರುಬದುರು ಕೂಡುತ್ತಾರೆ. ಒಬ್ಬನು ರೋಗಿಯಾಗುತ್ತಾನೆ, ಇನ್ನೊಬ್ಬನು ವೈದ್ಯ.