ಗುಬ್ಬಿಯ ಡೇರೆಯೊಳಗೆ ‘ನಾನು’ ಯಾರು?

1983ನೇ ಇಸವಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆ ವರ್ಷ ತೆರೆಕಂಡ ‘ಕಾಮನಬಿಲ್ಲು’ ಚಿತ್ರದಲ್ಲಿ, ಐವತ್ತು ದಾಟಿದ ರಾಜ್‌ಕುಮಾರ್ ಒಂದಾದ ಮೇಲೊಂದು ಯೋಗಾಸನ ಹಾಕಿ ನೋಡುಗರನ್ನು ಬೆರಗುಗೊಳಿಸಿದರು. ಅದೇ ವರ್ಷ ಜಿ.ವಿ. ಅಯ್ಯರ್ ಸಂಸ್ಕೃತದ ಮೊಟ್ಟಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ ಮಾಡಿದರು. ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಒಬ್ಬರು ಉಸಿರಿನ ಬೆನ್ನು ಹತ್ತಿದವರು, ಇನ್ನೊಬ್ಬರು ‘ನಾನಾರು’ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು. ಇಬ್ಬರೂ ಎಲ್ಲಿಂದ ಬಂದವರು ಗೊತ್ತೇ? ಒಂದೇ ಡೇರೆಯಿಂದ! ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ!

ಬೆರಗು ಇಲ್ಲಿಗೇ ಮುಗಿಯುವುದಿಲ್ಲ. ಆ ಕಂಪನಿಯ ಪೂರ್ತಿ ಹೆಸರಿನಲ್ಲಿ ಕುಳಿತಿರುವ ಚನ್ನಬಸವೇಶ್ವರ ಯಾರು? ಗುಬ್ಬಿಯಲ್ಲಿ ಐಕ್ಯರಾದ, ಗೋಸಲ ಪರಂಪರೆಯ ಗುರು. ಅವರ ಶಿಷ್ಯ ಯಾರು? ತೋಂಟದ ಸಿದ್ಧಲಿಂಗ ಯತಿ! 15-16ನೇ ಶತಮಾನದ ಈ ವಚನಕಾರರು ತಪಸ್ಸಿಗೆ ಕೂತದ್ದು ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ. ಮೈಮೇಲೆ ಹುತ್ತ ಬೆಳೆದರೂ ಅವರು ಕದಲಲಿಲ್ಲ ಎನ್ನುತ್ತದೆ ಜನರ ನಂಬಿಕೆ. ಅವರ ಗದ್ದುಗೆ ಇರುವುದು ಅಲ್ಲಿಗೆ ಹತ್ತಿರದ ಎಡೆಯೂರಿನಲ್ಲಿ. ತನ್ನನ್ನು ತಾನು ಅರಿಯುವ ಹಾದಿಯನ್ನೇ 701 ವಚನಗಳಲ್ಲಿ ಬಿಡಿಸಿಟ್ಟವರು ಅವರು.

ಇನ್ನೊಂದು ಕೇಳಿ. ಸಿದ್ಧಲಿಂಗರ ಹುಟ್ಟೂರು ಚಾಮರಾಜನಗರದ ಬಳಿಯ ಹರದನಹಳ್ಳಿ. ಮುಂದೆ ರಾಜ್‌ಕುಮಾರ್ ಆದ ಮುತ್ತುರಾಜ ಎಂಬ ಹುಡುಗನನ್ನು ಗುಬ್ಬಿ ಕಂಪನಿಗೆ ಕರೆತಂದ ತಂದೆ, ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅದೇ ಸೀಮೆಯವರು! ಕಾಕತಾಳೀಯವೇ ಇರಲಿ, ಶತಮಾನಗಳ ಅಂತರದಲ್ಲಿ ಎರಡು ಸಾಧನೆಗಳು ಒಂದೇ ದಿಕ್ಕಿನಿಂದ ಬಂದು ಇದೇ ನೆಲದಲ್ಲಿ ಬೇರುಬಿಟ್ಟವಲ್ಲ!

ಹಾಗಾದರೆ ಆ ಡೇರೆಯಲ್ಲಿ ನಡೆಯುತ್ತಿದ್ದುದೇನು? ಮೈಕಿಲ್ಲದ ಕಾಲ. ನೆಲದ ಮೇಲೆ ಕೂತ ಕಟ್ಟಕಡೆಯ ಪ್ರೇಕ್ಷಕನಿಗೂ ಕಂದಪದ್ಯ ಮುಟ್ಟಬೇಕಾದರೆ ಉಸಿರು ಹೊಕ್ಕುಳಿಂದ ಏಳಬೇಕಿತ್ತು. ಎದುರಿನವನ ಮಾತು ಮುಗಿಯುವ ಕ್ಷಣಕ್ಕೆ ಕಿವಿ ತೆರೆದಿರಬೇಕಿತ್ತು. ಅರೆಗಳಿಗೆ ಮನಸ್ಸು ಬೇರೆಡೆ ಹೋದರೂ ದೃಶ್ಯ ಕೆಟ್ಟಿತೆಂದೇ ಲೆಕ್ಕ. ಇಂದು ರಾತ್ರಿ ರಾಜನಾದವನು ನಾಳೆ ಸೇವಕ. ಮೀಸೆ ಚಿಗುರದ ಹುಡುಗ ರಾಣಿ. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರಿಗೇ ಹೆಸರು ತಂದದ್ದು ‘ಸದಾರಮೆ’ಯ ಕಳ್ಳನ ಪಾತ್ರ! ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದ ಮಾಲೀಕ, ಜನರನ್ನು ನಗಿಸಲು ಕಳ್ಳನಾಗುತ್ತಿದ್ದರು. ದಿನವೂ ‘ನಾನು’ ಎಂಬುದನ್ನು ಕಳಚಿಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಗರಡಿ ಬೇಕೇ? ವೀರಣ್ಣ ತಮ್ಮ ಆತ್ಮಕಥೆಯನ್ನು ‘ಕಲೆಯೇ ಕಾಯಕ’ ಎಂದು ಕರೆದದ್ದರಲ್ಲಿ ಅಚ್ಚರಿಯೇನು!

ಆ ಗರಡಿಯಿಂದ ಹೊರಬಿದ್ದವರ ಬದುಕು ಹೊರಳಿದ ಬಗೆ ನೋಡಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಮುತ್ತುರಾಜ, ವೀರಣ್ಣನವರ ಸಂಸ್ಥೆಯೂ ಸೇರಿ ತಯಾರಿಸಿದ ‘ಬೇಡರ ಕಣ್ಣಪ್ಪ’ದಿಂದ 1954ರಲ್ಲಿ ರಾಜ್‌ಕುಮಾರ್ ಆದರು; ಕೀರ್ತಿಯ ತುದಿಯಲ್ಲಿದ್ದಾಗ ಹೊನ್ನಪ್ಪ ನಾಯ್ಕರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಯೋಗ ಕಲಿತರು. ಅಯ್ಯರ್ ಗಾಂಧೀಜಿ ಹತ್ಯೆಯ ನಂತರ ಚಪ್ಪಲಿಯನ್ನೇ ತೊರೆದರು. ಮನೆಬಿಟ್ಟು ಬಂದು ಕಂಪನಿ ಸೇರಿದ ಬಾಬುಕೋಡಿಯ ಹುಡುಗನನ್ನು ವೀರಣ್ಣ ಓದಲೆಂದು ಕಾಶಿಗೆ ಕಳಿಸಿದರು, ಆತನೇ ಬಿ.ವಿ. ಕಾರಂತ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದು, ಮುಂದೆ 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದವರು!

ಈಗ ಮೊಬೈಲ್ ಆ್ಯಪ್‌ಗಳು ಕಣ್ಣು ಮುಚ್ಚಿ ನಿನ್ನನ್ನೇ ನೋಡಿಕೋ ಎನ್ನುತ್ತವೆ. ಕಗ್ಗೆರೆಯ ಯತಿಯ ಹಾದಿಯೂ ಒಳಮುಖವೇ. ಗುಬ್ಬಿಯ ಡೇರೆ ಮಾತ್ರ ತಿರುಗಾಮುರುಗಾ: ಕಣ್ಣು ತೆರೆ, ಇನ್ನೊಬ್ಬನ ನಡಿಗೆ ನೋಡು, ಅವನ ಸಂಕಟ ಮೈಗೆ ತಂದುಕೋ, ಆಮೇಲೆ ಬಣ್ಣ ಒರೆಸು. ಬಣ್ಣ ಒರೆಸಿದ ಮೇಲೂ ಉಳಿಯುವವನನ್ನು ಅರಿಯಲು ಎಷ್ಟು ಪಾತ್ರ ಬೇಕೋ, ಅಷ್ಟನ್ನೂ ಕಂಪನಿ ಕೊಡುತ್ತಿತ್ತು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಮುಂದಿನ ಸಲ ನಾಟಕ ನೋಡುವಾಗ ನಾಯಕನನ್ನು ಬಿಡಿ, ಮಾತೇ ಇಲ್ಲದೆ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುವ ನಟನನ್ನು ಗಮನಿಸಿ: ಸಾಧನೆ ಅಲ್ಲೇ ನಡೆದಿರುತ್ತದೆ!